ಲಿನಕ್ಸ್ ಹಾಕುವಾಗ ಸ್ಕ್ರೀನ್ ಕಪ್ಪಾಯಿತೇ? ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ

ರಾತ್ರಿ ಹತ್ತೂವರೆಗೆ ಅಣ್ಣನ ಮಗನ ಫೋನು. ಸುರತ್ಕಲ್ಲಿನಲ್ಲಿ ರೂಮು ಮಾಡಿಕೊಂಡು ಓದುತ್ತಾನೆ.

"ಅತ್ತೆ, ಲ್ಯಾಪ್‌ಟಾಪ್ ಸತ್ತೇ ಹೋಯ್ತು. ಮಿಂಟ್ ಹಾಕ್ಲಿಕ್ಕೆ ಹೋದೆ. ಲೋಗೋ ಬಂತು, ಮತ್ತೆ ಫುಲ್ ಕಪ್ಪು. ಮೂರು ಸಲ ಮಾಡಿದೆ."

"ಕ್ಯಾಪ್ಸ್ ಲಾಕ್ ಒತ್ತು ಮಾರಾಯ. ಲೈಟ್ ಹತ್ತುತ್ತದಾ?"

"ಹತ್ತುತ್ತದೆ. ಇನ್ನೊಮ್ಮೆ ಒತ್ತಿದ್ರೆ ಆರುತ್ತದೆ."

"ಮತ್ತೆ ಸತ್ತದ್ದು ಎಂತ? ಅದು ಒಳಗೆ ಕೆಲ್ಸ ಮಾಡ್ತಾ ಉಂಟು. ಮುಖ ತೋರಿಸುವುದಿಲ್ಲ ಅಷ್ಟೆ."

ಉಡುಪಿಯ ಸಿಟಿ ಬಸ್ ನಿಲ್ದಾಣದಿಂದ ಸ್ವಲ್ಪ ನಡೆದು, ಬಟ್ಟೆ ಅಂಗಡಿಯೊಂದರ ಪಕ್ಕದ ಮೆಟ್ಟಿಲು ಹತ್ತಿದರೆ ನನ್ನ ಅಂಗಡಿ. ಎದುರಿಗೆ ಜೆರಾಕ್ಸ್ ಮೆಷಿನ್, ಹಿಂದೆ ಮರದ ಬೆಂಚಿನ ಮೇಲೆ ಹೊಟ್ಟೆ ಬಿಚ್ಚಿಟ್ಟ ಕಂಪ್ಯೂಟರುಗಳು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತಲ್ಲ, ಅಂದಿನಿಂದ ಆ ಬೆಂಚಿಗೆ ಬಿಡುವಿಲ್ಲ. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಈಚಿನದ್ದೋ ಆಗಿರಬೇಕು. ಅದಿಲ್ಲದ, ಆದರೆ ಇನ್ನೂ ನಾಲ್ಕೈದು ವರ್ಷ ಆರಾಮವಾಗಿ ದುಡಿಯಬಲ್ಲ ಯಂತ್ರಗಳಿಗೆ ನಾನು ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಕೊಡುತ್ತೇನೆ. ಹೆಚ್ಚಿನವು ಚಕಾರ ಎತ್ತದೆ ಓಡುತ್ತವೆ. ತಕರಾರು ಬಂದರೆ ಅದು ಬಹುಮಟ್ಟಿಗೆ ಸ್ಕ್ರೀನಿನದ್ದೇ.

ಫೋನಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಮಾಂಡುಗಳನ್ನೂ ಫೋನಿನಲ್ಲಿ ಹೇಳಿದ ಹಾಗೆಯೇ ಕನ್ನಡದಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ತಪ್ಪುವ ಸಂಭವ ಇರುವಲ್ಲಿ ಅಕ್ಷರ ಬಿಡಿಸಿ ಹೇಳಿದ್ದೇನೆ.

ಮೊದಲಿಗೆ, ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ನಾನೇ ಮಾಡಿ ಕೈ ಸುಟ್ಟುಕೊಂಡವಳು. ವರ್ಷಗಳ ಹಿಂದೆ ಒಂದು ಮಳೆಗಾಲದ ರಾತ್ರಿ, ಕರೆಂಟು ಹೋಗಿ ಬಂದು ಮಾಡುತ್ತಿರುವಾಗ, ಒಂದೇ ಪಿಸಿಗೆ ನಾಲ್ಕು ಸಲ ಲಿನಕ್ಸ್ ಹಾಕಿದೆ. ಪ್ರತಿ ಸಲವೂ ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆದ ಕೂಡಲೇ ಕಪ್ಪು. ಇನ್‌ಸ್ಟಾಲೇ ಕೆಟ್ಟಿದೆ ಅಂದುಕೊಂಡೆ. ಬೆಳಗಿನ ಜಾವ ಗೊತ್ತಾಯಿತು, ಮೊದಲನೆಯ ಇನ್‌ಸ್ಟಾಲ್ ಸರಿಯಾಗಿಯೇ ಇತ್ತು. ಗ್ರಾಫಿಕ್ಸ್ ಡ್ರೈವರ್, ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ಕಾರ್ಡನ್ನು ನಡೆಸುವ ಪ್ರೋಗ್ರಾಮ್, ಒಂದು ಮಾತ್ರ ಕೈಕೊಟ್ಟಿತ್ತು.

ಯಾಕೆ ಹೀಗಾಗುತ್ತದೆ? ಬಯಲಾಟ ನೋಡಿದವರಿಗೆ ಹೇಳುವುದು ಸುಲಭ. ಪವರ್ ಒತ್ತಿದ ಕೂಡಲೇ ಕಾಣುವ ಕಂಪೆನಿ ಲೋಗೋ, ಲಿನಕ್ಸ್ ಹಾಕಲು ಸಿಕ್ಕಿಸಿದ ಪೆನ್‌ಡ್ರೈವಿನ ಮೆನು, ಇವು ಪೂರ್ವರಂಗದ ಕೋಡಂಗಿ ಇದ್ದ ಹಾಗೆ. ಮದರ್‌ಬೋರ್ಡಿನಲ್ಲೇ ಇರುವ ಸರಳ ಪ್ರೋಗ್ರಾಮ್ ಅವನ್ನು ಕುಣಿಸುತ್ತದೆ, ಯಾವ ಡ್ರೈವರೂ ಬೇಡ. ಸ್ವಲ್ಪ ಹೊತ್ತಿಗೆ ಲಿನಕ್ಸಿನ ತಿರುಳಾದ ಕರ್ನಲ್ ಬಂದು 'ಇನ್ನು ನಾನು ನೋಡಿಕೊಳ್ಳುತ್ತೇನೆ' ಅಂತ ಸ್ಕ್ರೀನನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡಿಗೆ ತಕ್ಕ ಡ್ರೈವರನ್ನು ಕರೆಯುತ್ತದೆ. ಕೋಡಂಗಿ ಒಳಗೆ ಹೋಯಿತು, ಮುಖ್ಯ ವೇಷ ಚೌಕಿಯಿಂದ ಹೊರಡಲೇ ಇಲ್ಲ ಅಂತಾದರೆ ರಂಗಸ್ಥಳ ಖಾಲಿ. ನಿಮ್ಮ ಕಪ್ಪು ಸ್ಕ್ರೀನು ಅದೇ. ಭಾಗವತರು ಹಾಡುತ್ತಲೇ ಇದ್ದಾರೆ, ಆದ್ದರಿಂದಲೇ ಕ್ಯಾಪ್ಸ್ ಲಾಕ್ ಲೈಟು ಹತ್ತುತ್ತದೆ.

ಲೈಟು ಹತ್ತದೇ ಹೋದರೆ ಡ್ರೈವರ್ ಇಡೀ ಯಂತ್ರವನ್ನೇ ಹಿಡಿದು ನಿಲ್ಲಿಸಿರಬಹುದು. ತಾನಾಗಿಯೇ ಮಿಣುಕುತ್ತಿದ್ದರೆ ಕರ್ನಲ್ ಮುಗ್ಗರಿಸಿ ಬಿದ್ದಿದೆ. ಆಗಲೂ ಮುಂದೆ ಹೇಳುವ ಮದ್ದನ್ನೇ ಮೊದಲು ಪ್ರಯತ್ನಿಸಿ.

ಲೋಗೋನೇ ಬಾರದಿದ್ದರೆ

ಪವರ್ ಒತ್ತಿದಾಗಿನಿಂದಲೇ ಸ್ಕ್ರೀನಿನಲ್ಲಿ ಏನೂ ಇಲ್ಲ, ಲೋಗೋನೂ ಇಲ್ಲ ಅಂತಾದರೆ ಅದು ಡ್ರೈವರಿನ ವಿಷಯವೇ ಅಲ್ಲ. ಡ್ರೈವರ್ ಇನ್ನೂ ಹುಟ್ಟಿಯೇ ಇಲ್ಲ. ಅದು ಕೇಬಲ್, ಕಾರ್ಡ್, ರ್‍ಯಾಮ್, ಇಲ್ಲವೇ ಮಾನಿಟರ್.

ಮಲ್ಪೆಯಲ್ಲಿ ಬೋಟುಗಳ ಲೆಕ್ಕ ಬರೆಯುವವರೊಬ್ಬರು ತಮ್ಮ ಅಸೆಂಬಲ್ಡ್ ಪಿಸಿಯನ್ನು ರಿಕ್ಷಾದಲ್ಲಿ ತಂದರು. "ಅಕ್ಕಾ, ಇದ್ರಲ್ಲಿ ಟಿವಿ ಬರುದೇ ಇಲ್ಲ." ನಮ್ಮಲ್ಲಿ ಮಾನಿಟರನ್ನು ಟಿವಿ ಅನ್ನುವವರು ಇನ್ನೂ ಇದ್ದಾರೆ, ನಾನು ತಿದ್ದಲು ಹೋಗುವುದಿಲ್ಲ. ಕ್ಯಾಬಿನೆಟ್ ತೆರೆದರೆ ಸ್ಕ್ರೂಗಳಿಗೆಲ್ಲ ಕಂದು ತುಕ್ಕು. ಗ್ರಾಫಿಕ್ಸ್ ಕಾರ್ಡ್ ಎಳೆದು ನೋಡಿದರೆ, ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳು ಹೊಳಪು ಕಳೆದುಕೊಂಡು ಕಪ್ಪಗೆ ಮಾಸಿದ್ದವು. ಕಡಲ ಗಾಳಿಯ ಕೆಲಸ. ಸಮುದ್ರದ ಪಕ್ಕದ ಮನೆಗಳ ಯಂತ್ರಗಳಲ್ಲಿ ಇದು ಸಾಮಾನ್ಯ.

ಇದಕ್ಕೆ ಮಕ್ಕಳ ಕಂಪಾಸ್ ಬಾಕ್ಸಿನ ರಬ್ಬರ್ ಸಾಕು. ಪವರ್ ಕೇಬಲ್ ಪೂರ್ತಿ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಒಳಗೆ ಉಳಿದ ಚಾರ್ಜ್ ಹೋಗಲು ಬಿಡಿ. ಕಾರ್ಡನ್ನು ಅಂಚಿನಲ್ಲಿ ಹಿಡಿದು, ಹಲ್ಲುಗಳ ಎರಡೂ ಮುಖವನ್ನು ರಬ್ಬರಿನಿಂದ ಉದ್ದುದ್ದಕ್ಕೆ ಉಜ್ಜಿ. ರಬ್ಬರಿನ ಪುಡಿಯನ್ನು ಬ್ರಶ್ಶಿನಲ್ಲಿ ಝಾಡಿಸಿ, ಬಾಯಿಯಿಂದ ಊದಬೇಡಿ, ಎಂಜಲಿನ ತೇವ ಕೂರುತ್ತದೆ. ರ್‍ಯಾಮಿಗೂ ಇದೇ ಉಪಚಾರ. ಕಾರ್ಡನ್ನು ಮತ್ತೆ ಸ್ಲಾಟಿಗೆ ಒತ್ತುವಾಗ 'ಟಕ್' ಅಂತ ಕೊಕ್ಕೆ ಕೂತ ಸದ್ದು ಕೇಳಬೇಕು. ಅವರ ಪಿಸಿಯಲ್ಲಿ ಲೋಗೋ ಬಂತು, ಚಾ ತರಿಸಿದೆ.

ಇನ್ನೊಂದು ಚಿಕ್ಕ ವಿಷಯ, ನಾಚಿಕೆ ಪಡದೆ ನೋಡಿ: ಪಿಸಿಯ ಹಿಂಬದಿ ಎರಡು ಕಡೆ ಮಾನಿಟರಿನ ಪೋರ್ಟು ಇರುತ್ತದೆ. ಮೇಲೆ, ಯುಎಸ್‌ಬಿ ಪೋರ್ಟುಗಳ ಜೊತೆಗೆ ಇರುವುದು ಮದರ್‌ಬೋರ್ಡಿನದ್ದು. ಕೆಳಗೆ, ಅಡ್ಡ ಪಟ್ಟಿಯಲ್ಲಿ ಇರುವುದು ಗ್ರಾಫಿಕ್ಸ್ ಕಾರ್ಡಿನದ್ದು. ಕಾರ್ಡ್ ಇದ್ದರೆ ಕೇಬಲ್ ಕೆಳಗಿನದ್ದಕ್ಕೇ ಹೋಗಬೇಕು. ಬಹಳಷ್ಟು ಮದರ್‌ಬೋರ್ಡುಗಳು ಕಾರ್ಡ್ ಕಂಡ ಕೂಡಲೇ ಮೇಲಿನ ಪೋರ್ಟನ್ನು ಬಂದ್ ಮಾಡುತ್ತವೆ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಲ್ಲಿ ಮುಗಿದರೆ ಅದರಲ್ಲಿ ಗ್ರಾಫಿಕ್ಸೇ ಇಲ್ಲ, ಮೇಲಿನ ಪೋರ್ಟು ಬರೀ ಅಲಂಕಾರಕ್ಕೆ. ಚಿತ್ರ ಬರುತ್ತದೆ, ಆದರೆ ಬಿಳಿ ಇರಬೇಕಾದಲ್ಲಿ ಹಳದಿ ಕಾಣುತ್ತದೆ ಅಂದರೆ ವಿಜಿಎ ಕೇಬಲಿನ ನೀಲಿಯ ಪಿನ್ ತಾಗುತ್ತಿಲ್ಲ. ಇದಕ್ಕೂ ಡ್ರೈವರ್ ಹುಡುಕಿದವರಿದ್ದಾರೆ.

ಲೋಗೋ ಬಂದು ಆಮೇಲೆ ಕಪ್ಪಾದರೆ

ಇಲ್ಲಿಂದ ಡ್ರೈವರಿನ ಕಥೆ. ಮೊದಲ ಉಪಾಯ ಪೆನ್‌ಡ್ರೈವಿನ ಮೆನುವಿನಲ್ಲೇ ಉಂಟು, ಯಾರೂ ಓದುವುದಿಲ್ಲ. ಮಿಂಟ್ ಆದರೆ 'ಕಂಪ್ಯಾಟಿಬಿಲಿಟಿ ಮೋಡ್', ಉಬುಂಟು (ಲಿನಕ್ಸಿನ ಇನ್ನೊಂದು ರೂಪ) ಆದರೆ 'ಸೇಫ್ ಗ್ರಾಫಿಕ್ಸ್' ಎಂಬ ಸಾಲು. ಬಾಣದ ಕೀಲಿಯಿಂದ ಅದಕ್ಕೆ ಇಳಿದು ಎಂಟರ್ ಒತ್ತಿ. ಹೆಚ್ಚಿನ ಸಲ ಇಷ್ಟರಲ್ಲೇ ಡೆಸ್ಕ್‌ಟಾಪ್ ಬರುತ್ತದೆ.

ಬಾರದಿದ್ದರೆ ಕೈಯಿಂದ ಬರೆಯಬೇಕು. ಮೆನುವಿನಲ್ಲಿ ಮೊದಲ ಸಾಲಿನ ಮೇಲೆ ನಿಂತು 'ಇ' ಅಕ್ಷರದ ಕೀಲಿ ಒತ್ತಿ. ಏಳೆಂಟು ಸಾಲಿನ ಒಂದು ಪುಟ ತೆರೆಯುತ್ತದೆ. 'ಲಿನಕ್ಸ್' ಎಂಬ ಪದದಿಂದ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯ ಹತ್ತಿರ 'ಕ್ವಯಟ್ ಸ್ಪ್ಲ್ಯಾಶ್' ಅಂತ ಎರಡು ಪದ ಇರುತ್ತವೆ. ಅವನ್ನು ಅಳಿಸಿ ಆ ಜಾಗದಲ್ಲಿ 'ನೋಮೋಡ್‌ಸೆಟ್' ಅಂತ ಒಂದೇ ಪದವಾಗಿ ಬರೆಯಿರಿ. ಆಮೇಲೆ ಎಫ್10, ಇಲ್ಲವೇ ಕಂಟ್ರೋಲ್ ಮತ್ತು ಎಕ್ಸ್.

ಈ ಒಂದು ಪದ ಫೋನಿನಲ್ಲಿ ಹೇಳುವಷ್ಟರಲ್ಲಿ ನನಗೆ ಸಾಕಾಗುತ್ತದೆ. ಎನ್ ಅಂದರೆ ಅವರಿಗೆ ಎಂ ಕೇಳುತ್ತದೆ, ಡಿ ಅಂದರೆ ಟಿ. ಅದಕ್ಕೆ ಊರಿನ ಹೆಸರು ಹಿಡಿದಿದ್ದೇನೆ: ನಂದಳಿಕೆಯ ಎನ್, ಓ, ಮಲ್ಪೆಯ ಎಂ, ಓ, ದೊಡ್ಡಣಗುಡ್ಡೆಯ ಡಿ, ಇ, ಸಂತೆಕಟ್ಟೆಯ ಎಸ್, ಇ, ತೆಂಕಪೇಟೆಯ ಟಿ. ಒಂಬತ್ತು ಅಕ್ಷರ, ನಡುವೆ ಎಲ್ಲೂ ಜಾಗ ಬಿಡಬಾರದು. ಅಣ್ಣನ ಮಗ ಮೊದಲ ಸಲ ನೋ ಆದ ಮೇಲೆ ಸ್ಪೇಸ್ ಕೊಟ್ಟ, ಮತ್ತೆ ಕಪ್ಪು. ಎರಡನೆಯ ಸಲ ಆ ಕಡೆಯಿಂದ "ಬಂತು ಅತ್ತೆ, ಬಂತು! ಆದ್ರೆ ಎಲ್ಲ ದೊಡ್ಡ ದೊಡ್ಡ ಕಾಣ್ತದೆ" ಅಂದ.

ದೊಡ್ಡದು ಕಾಣುವುದು ಸಹಜ. ನೋಮೋಡ್‌ಸೆಟ್ ಅಂದರೆ ಕರ್ನಲಿಗೆ 'ನೀನು ಸ್ಕ್ರೀನಿನ ಮೋಡ್ ಬದಲಾಯಿಸಲು ಹೋಗಬೇಡ' ಎಂಬ ಆಜ್ಞೆ. ಅಂದರೆ ಮುಖ್ಯ ವೇಷ ಬರುವುದು ಬೇಡ, ಕೋಡಂಗಿಯೇ ಬೆಳಗಿನವರೆಗೆ ಕುಣಿಯಲಿ. ರೆಸೊಲ್ಯೂಶನ್ 1024x768ರಲ್ಲೋ 800x600ರಲ್ಲೋ ನಿಲ್ಲುತ್ತದೆ, ಬ್ರೈಟ್‌ನೆಸ್ ಕಡಿಮೆ ಮಾಡಲು ಆಗುವುದಿಲ್ಲ, ವಿಡಿಯೋ ತಡವರಿಸುತ್ತದೆ, ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬೀಳುವುದರಿಂದ ಫ್ಯಾನ್ ಬೊಬ್ಬೆ ಹಾಕುತ್ತದೆ. ಚಿಂತೆ ಬೇಡ. ಈಗ ನಮಗೆ ಬೇಕಾದದ್ದು ಇನ್‌ಸ್ಟಾಲರಿನ ಬಟನುಗಳು ಕಣ್ಣಿಗೆ ಕಾಣುವುದು, ಅಷ್ಟೆ. ವಿಂಡೋದ ಕೆಳಗಿನ ಬಟನ್ ಸ್ಕ್ರೀನಿನಿಂದ ಹೊರಗೆ ಹೋಗಿದ್ದರೆ ಆಲ್ಟ್ ಕೀಲಿ ಹಿಡಿದು ವಿಂಡೋವನ್ನು ಮೌಸಿನಿಂದ ಮೇಲಕ್ಕೆ ಎಳೆಯಿರಿ.

ಇನ್‌ಸ್ಟಾಲ್ ಮುಗಿಸಿ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ನಮ್ಮ ಕಡೆ ಮಳೆಗಾಲವಾದರೆ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ ಎಂಬುದೊಂದನ್ನು ಬಿಟ್ಟು.

ರೀಸ್ಟಾರ್ಟ್ ಆದ ಮೇಲೆ ಮತ್ತೆ ಕಪ್ಪು

ನಾನು ಆ ರಾತ್ರಿ ಎಡವಿದ್ದು ಇಲ್ಲೇ. ಮೆನುವಿನಲ್ಲಿ 'ಇ' ಒತ್ತಿ ಬರೆದದ್ದು ಆ ಒಂದು ಸಲಕ್ಕೆ ಮಾತ್ರ. ಹಾರ್ಡ್ ಡಿಸ್ಕಿನಿಂದ ಮೊದಲ ಬಾರಿ ಬೂಟ್ ಆಗುವಾಗ ಹಳೆಯ ಗ್ರಹಚಾರವೇ ಎದುರು ಬರಬಹುದು. ಕಂಪ್ಯೂಟರಿನಲ್ಲಿ ಲಿನಕ್ಸ್ ಒಂದೇ ಇದ್ದರೆ ಬೂಟ್ ಮೆನು, ಅಂದರೆ ಗ್ರಬ್, ತನ್ನನ್ನು ತೋರಿಸಿಕೊಳ್ಳುವುದೂ ಇಲ್ಲ. ಮದರ್‌ಬೋರ್ಡಿನ ಆ ಸರಳ ಪ್ರೋಗ್ರಾಮು ಹಳೆಯ ಕಾಲದ ಬಯಾಸ್ ಆದರೆ ಪವರ್ ಒತ್ತಿದ ಕೂಡಲೇ ಶಿಫ್ಟ್ ಹಿಡಿದುಕೊಳ್ಳಿ. ಹೊಸ ಯುಇಎಫ್‌ಐ ಯಂತ್ರವಾದರೆ ಲೋಗೋ ಹೋಗುತ್ತಿದ್ದಂತೆ ಎಸ್ಕೇಪ್ ಒಂದೇ ಸಲ ತಟ್ಟಿ. ಗಾಬರಿಯಲ್ಲಿ ಟಕಟಕ ತಟ್ಟುತ್ತಾ ಹೋದರೆ ಮೆನು ದಾಟಿ 'ಗ್ರಬ್' ಎಂದು ಬರೆದ ಖಾಲಿ ಕಪ್ಪು ಪುಟಕ್ಕೆ ಬೀಳುತ್ತೀರಿ. ಬಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಮತ್ತೆ ಶುರು.

ಮೆನು ಸಿಕ್ಕಿದ ಮೇಲೆ ಎರಡು ದಾರಿ. ಒಂದು, ಮೊದಲಿನಂತೆ 'ಇ' ಒತ್ತಿ ನೋಮೋಡ್‌ಸೆಟ್ ಬರೆಯುವುದು. ಎರಡು, 'ಅಡ್ವಾನ್ಸ್ಡ್ ಆಪ್ಶನ್ಸ್' ಒಳಗೆ 'ರಿಕವರಿ ಮೋಡ್' ಆರಿಸಿ, ಬರುವ ಪಟ್ಟಿಯಲ್ಲಿ 'ರೆಸ್ಯೂಮ್' ಕೊಡುವುದು. ಟೈಪಿಂಗ್ ಇಲ್ಲದ ಕಾರಣ ಫೋನಿನಲ್ಲಿ ನಾನು ಹೇಳುವುದು ಎರಡನೆಯದನ್ನೇ.

ಡೆಸ್ಕ್‌ಟಾಪ್ ಬಂತಲ್ಲ, ಈಗ ಒಳಗಿರುವ ಕಾರ್ಡ್ ಯಾವುದು ಅಂತ ತಿಳಿಯಬೇಕು. ಟರ್ಮಿನಲ್, ಅಂದರೆ ಕಮಾಂಡ್ ಬರೆಯುವ ಕಿಟಕಿ, ತೆರೆದು 'ಐಎನ್‌ಎಕ್ಸ್‌ಐ' ಅಂತ ಬರೆದು, ಸ್ಪೇಸ್ ಕೊಟ್ಟು, ಹೈಫನ್ ಹಾಕಿ ದೊಡ್ಡ ಅಕ್ಷರದ 'ಜಿ' ಬರೆಯಿರಿ. ಮಿಂಟಿನಲ್ಲಿ ಈ ಸಲಕರಣೆ ಮೊದಲೇ ಇರುತ್ತದೆ. ಕಾರ್ಡಿನ ಹೆಸರು, ಅದರ ಪಕ್ಕದಲ್ಲಿ ಯಾವ ಡ್ರೈವರ್ ಕೆಲಸ ಮಾಡುತ್ತಿದೆ ಎಂಬುದು ಎರಡೂ ಕಾಣುತ್ತವೆ. ಎರಡು ಕಾರ್ಡಿನ ಹೆಸರು ಬಂದರೆ ನಿಮ್ಮದು ಜೋಡಿ ಗ್ರಾಫಿಕ್ಸಿನ ಲ್ಯಾಪ್‌ಟಾಪ್.

ಇಂಟೆಲ್ ಅಥವಾ ಎಎಮ್‌ಡಿ ಮಾತ್ರ ಇದ್ದರೆ ನಿಮ್ಮ ನಸೀಬು ಒಳ್ಳೆಯದು. ಅವುಗಳ ಡ್ರೈವರ್ ಕರ್ನಲಿನ ಒಳಗೇ ಬರುತ್ತದೆ, ಬೇರೆ ಎಲ್ಲಿಂದಲೂ ಇಳಿಸಬೇಕಾಗಿಲ್ಲ. ಅಷ್ಟಾಗಿಯೂ ಕಪ್ಪಾಯಿತೆಂದರೆ ಬಹುಶಃ ಲ್ಯಾಪ್‌ಟಾಪ್ ತೀರಾ ಹೊಸದು, ಕರ್ನಲ್ ಅದಕ್ಕಿಂತ ಹಳೆಯದು. ಅಪ್‌ಡೇಟ್ ಮ್ಯಾನೇಜರಿನ 'ವ್ಯೂ' ಮೆನುವಿನಲ್ಲಿ 'ಲಿನಕ್ಸ್ ಕರ್ನಲ್ಸ್' ಅಂತ ಇದೆ, ಅಲ್ಲಿಂದ ಹೊಸದೊಂದನ್ನು ಹಾಕಿ ರೀಸ್ಟಾರ್ಟ್ ಮಾಡಿ. ಒಂದು ನೆನಪಿರಲಿ: ನೋಮೋಡ್‌ಸೆಟ್ ಇರುವಷ್ಟು ಹೊತ್ತು ಇಂಟೆಲ್, ಎಎಮ್‌ಡಿ ಡ್ರೈವರುಗಳು ಏಳುವುದೇ ಇಲ್ಲ. 'ಹೇಗೂ ಕಾಣುತ್ತದಲ್ಲ' ಅಂತ ಅದನ್ನೇ ಖಾಯಂ ಮಾಡಿಕೊಂಡು ವರ್ಷಗಟ್ಟಲೆ ತಡವರಿಸುವ ಯಂತ್ರದಲ್ಲಿ ಕೆಲಸ ಮಾಡಿದವರನ್ನು ನೋಡಿದ್ದೇನೆ.

ಎನ್‌ವಿಡಿಯಾ ಕಾರ್ಡ್ ಇದ್ದವರಿಗೆ

ಎನ್‌ವಿಡಿಯಾ ಕಾರ್ಡಿಗೆ ಲಿನಕ್ಸ್ ಮೊದಲು ಹಚ್ಚುವುದು 'ನೂವೋ' ಎಂಬ ಡ್ರೈವರನ್ನು. ಕಂಪೆನಿಯ ಡ್ರೈವರ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಹೊರಗಿನಿಂದ ಪತ್ತೆ ಹಚ್ಚಿ ಸ್ವಯಂಸೇವಕರು ಬರೆದದ್ದು. ಹಳೆಯ ಕಾರ್ಡುಗಳಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಬರೀ ಬ್ರೌಸರ್, ಲೆಕ್ಕ, ಪತ್ರ ಬರೆಯುವವರಿಗೆ ನೂವೋದಲ್ಲಿ ತೊಂದರೆ ಇಲ್ಲದಿದ್ದರೆ ನಾನು ಅದನ್ನು ಮುಟ್ಟುವುದೇ ಇಲ್ಲ. ಕಪ್ಪಾಗುವ, ಹೆಪ್ಪುಗಟ್ಟುವ ಯಂತ್ರಗಳಿಗೆ ಮಾತ್ರ ಕಂಪೆನಿಯ ಡ್ರೈವರ್.

ಹಾಕುವ ಮೊದಲು ಟೈಮ್‌ಶಿಫ್ಟ್ ತೆರೆದು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು, ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಆಮೇಲೆ ಇಂಟರ್ನೆಟ್ ಜೋಡಿಸಿ, ವೈಫೈ ಹಿಡಿಯದಿದ್ದರೆ ಮೊಬೈಲನ್ನು ಕೇಬಲಿನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಮೆನುವಿನಲ್ಲಿ 'ಡ್ರೈವರ್ ಮ್ಯಾನೇಜರ್' ತೆರೆಯಿರಿ. ಉಬುಂಟುವಿನಲ್ಲಾದರೆ ಅದರ ಹೆಸರು 'ಅಡಿಶನಲ್ ಡ್ರೈವರ್ಸ್'. ಕಂಪೆನಿಯ ವೆಬ್‌ಸೈಟಿನಿಂದ 'ರನ್' ಫೈಲ್ ಇಳಿಸಿ ಹಾಕುವ ಉಪದೇಶ ಎಲ್ಲೆಂದರಲ್ಲಿ ಸಿಗುತ್ತದೆ, ಮಾಡಬೇಡಿ. ಹಾಗೆ ಹಾಕಿದ್ದು ಮಿಂಟಿನ ಲೆಕ್ಕಕ್ಕೆ ಸಿಗುವುದಿಲ್ಲ, ಮುಂದೆ ಕರ್ನಲ್ ಬದಲಾದಾಗ ಮುರಿದು ಬೀಳುತ್ತದೆ, ಕಿತ್ತು ತೆಗೆಯುವುದೂ ಒಂದು ರಗಳೆ.

ಪಟ್ಟಿಯಲ್ಲಿ ಐದಾರು ನಂಬರುಗಳು ಕಾಣುತ್ತವೆ, ಒಂದರ ಎದುರು 'ರೆಕಮೆಂಡೆಡ್' ಅಂತ ಇರುತ್ತದೆ. ಸಾಮಾನ್ಯವಾಗಿ ಅದನ್ನೇ ಆರಿಸಿ. ದೊಡ್ಡ ನಂಬರು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ತಲೆಮಾರಿನ ಕಾರ್ಡಿಗೂ ಒಂದು ಗಡಿ ಉಂಟು. ಜಿಟಿ 710ರಂಥ ಕೆಪ್ಲರ್ ತಲೆಮಾರಿನ ಕಾರ್ಡಿಗೆ 470ರ ಸರಣಿಯೇ ಕೊನೆ. ಜಿಟಿ 610ರಂಥ ಫರ್ಮಿಗೆ 390 ಕೊನೆ, ಅದನ್ನು ನೂವೋದಲ್ಲೇ ಬಿಡುವುದು ವಾಸಿ. ಹೆಸರಿನ ಕೊನೆಗೆ 'ಸರ್ವರ್' ಅಂತ ಇರುವುದು ನಮಗಲ್ಲ. 'ಓಪನ್' ಅಂತ ಇರುವುದರಲ್ಲಿ ಒಂದು ಗುಂಡಿ ಉಂಟು: 2022ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತವಾಗಿ ಬಿಡುಗಡೆ ಮಾಡಿತು, ಅದೇ ಈ ಓಪನ್. ಆದರೆ ಅದು ನಡೆಯುವುದು ಜಿಟಿಎಕ್ಸ್ 16 ಸರಣಿ, ಆರ್‌ಟಿಎಕ್ಸ್ 20 ಸರಣಿ ಮತ್ತು ಅದರ ಈಚಿನ ಕಾರ್ಡುಗಳಲ್ಲಿ ಮಾತ್ರ. ಜಿಟಿಎಕ್ಸ್ 1050ಕ್ಕೆ ಓಪನ್ ಹಾಕಿದರೆ ಅದು ಕಾರ್ಡನ್ನೇ ಗುರುತಿಸುವುದಿಲ್ಲ.

ಮಲ್ಪೆಯವರ ಪಿಸಿಯಲ್ಲಿದ್ದದ್ದು ಜಿಟಿ 710. 470 ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಮಾನಿಟರಿನ ಪೂರ್ತಿ ಅಗಲಕ್ಕೆ ಡೆಸ್ಕ್‌ಟಾಪ್ ಹರಡಿಕೊಂಡಿತು.

ಆ ನೀಲಿ ಪುಟ

ಅಣ್ಣನ ಮಗನ ಲ್ಯಾಪ್‌ಟಾಪ್ ಅಷ್ಟು ಸಲೀಸಾಗಿ ಬಗ್ಗಲಿಲ್ಲ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಮಾಡಿಕೊಳ್ಳಲು ಕೇಳಿತ್ತು, ಏನೋ ಒಂದು ಕೊಟ್ಟ. ರೀಸ್ಟಾರ್ಟ್ ಮಾಡಿದ. "ಅತ್ತೆ, ನೀಲಿ ಸ್ಕ್ರೀನ್ ಬಂತು, ಕ್ರ್ಯಾಶ್ ಆಯ್ತು ಅಂತ ಪವರ್ ಒತ್ತಿ ಆಫ್ ಮಾಡಿದೆ."

ವಿಂಡೋಸ್ ನೋಡಿ ಬೆಳೆದವರಿಗೆ ನೀಲಿ ಅಂದರೆ ಸಾವು. ಇದು ಆ ನೀಲಿಯಲ್ಲ. ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಬಾಗಿಲಲ್ಲಿ ಕೂತಿರುತ್ತಾನೆ, ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ತಯಾರಾದ ಡ್ರೈವರಿಗೆ ನಿಮ್ಮ ಕಂಪ್ಯೂಟರಿನದ್ದೇ ಒಂದು ಸಹಿ, ಅದನ್ನು 'ಮಾಕ್' ಅನ್ನುತ್ತಾರೆ. 'ಈ ಸಹಿ ನಮ್ಮವರದ್ದೇ' ಅಂತ ಮನೆಯ ಯಜಮಾನ ಬಂದು ಹೇಳಬೇಕು, ಆ ನೀಲಿ ಪುಟ ಅದಕ್ಕೇ. ಹತ್ತು ಸೆಕೆಂಡು ಕಾಯುತ್ತದೆ, ಯಾವುದಾದರೂ ಕೀಲಿ ಒತ್ತದಿದ್ದರೆ ಮುಂದೆ ಹೋಗಿಬಿಡುತ್ತದೆ. ಒತ್ತಿದ ಮೇಲೆ 'ಎನ್‌ರೋಲ್ ಮಾಕ್', 'ಕಂಟಿನ್ಯೂ', 'ಯೆಸ್', ಆಗ ಕೊಟ್ಟ ಪಾಸ್‌ವರ್ಡ್, ಕೊನೆಗೆ 'ರೀಬೂಟ್'. ಪಾಸ್‌ವರ್ಡನ್ನು ಕೈಗೆ ಬರೆದುಕೊಂಡಾದರೂ ಇಟ್ಟುಕೊಳ್ಳಿ, ಈ ಒಂದು ಸಲದ ಕೆಲಸಕ್ಕೆ ಮಾತ್ರ ಬೇಕಾಗುವುದು.

ತಪ್ಪಿಸಿಕೊಂಡವರು ಹೀಗೆ ಮಾಡಿ: ಟರ್ಮಿನಲ್ಲಿನಲ್ಲಿ 'ಸುಡೋ', ಸ್ಪೇಸ್, 'ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ', ಸ್ಪೇಸ್, ಎರಡು ಹೈಫನ್, 'ಎನ್‌ರೋಲ್-ಕೀ' (ಎನ್‌ರೋಲಿನ ಕೊನೆಗೆ ಎರಡು ಎಲ್). ಮತ್ತೆ ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟಿನಲ್ಲಿ ಮತ್ತೆ ನೀಲಿ ಪುಟ ಬರುತ್ತದೆ. ಅಂದ ಹಾಗೆ ಸುಡೋ ಪಾಸ್‌ವರ್ಡ್ ಕೇಳಿದಾಗ ನೀವು ಟೈಪ್ ಮಾಡುವುದು ಸ್ಕ್ರೀನಿನಲ್ಲಿ ಕಾಣುವುದಿಲ್ಲ, ಚುಕ್ಕಿಯೂ ಬರದೇ ಇರಬಹುದು. ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ಬಯಾಸಿಗೆ ಹೋಗಿ ಸೆಕ್ಯೂರ್ ಬೂಟನ್ನೇ ಬಂದ್ ಮಾಡುವುದು ಇನ್ನೊಂದು ದಾರಿ. ಹಳೆಯ ಪಿಸಿಗಳಲ್ಲಿ ನಾನು ಹಾಗೇ ಮಾಡುತ್ತೇನೆ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಇದ್ದು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ, ರಿಕವರಿ ಕೀ ಕೈಯಲ್ಲಿ ಇಟ್ಟುಕೊಳ್ಳದೆ ಸೆಕ್ಯೂರ್ ಬೂಟಿಗೆ ಕೈ ಹಾಕಬೇಡಿ. ವಿಂಡೋಸ್ ಆ 48 ಅಂಕಿ ಕೇಳಿದಾಗ ಕೊಡಲು ಇಲ್ಲದೆ ಫೋಟೋಗಳನ್ನೆಲ್ಲ ಕಳೆದುಕೊಂಡು ಅಂಗಡಿಯಲ್ಲಿ ಕೂತು ಅತ್ತವರಿದ್ದಾರೆ, ನನ್ನಿಂದಲೂ ಏನೂ ಮಾಡಲಾಗಲಿಲ್ಲ.

ಎಲ್ಲ ಸರಿಯಾಯಿತೋ ಇಲ್ಲವೋ ಅಂತ ನೋಡಲು ಟರ್ಮಿನಲ್ಲಿನಲ್ಲಿ 'ಎನ್‌ವಿಡಿಯಾ-ಎಸ್‌ಎಂಐ' ಬರೆಯಿರಿ. ಕಾರ್ಡಿನ ಹೆಸರು, ಬಿಸಿ ಎಷ್ಟು ಡಿಗ್ರಿ ಎಂಬುದರ ಕೋಷ್ಟಕ ಬಂದರೆ ಡ್ರೈವರ್ ಎದ್ದಿದೆ. ಜೋಡಿ ಗ್ರಾಫಿಕ್ಸಿನ ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಪೋರ್ಟಿನ ತಂತಿ ನೇರ ಎನ್‌ವಿಡಿಯಾ ಕಾರ್ಡಿಗೇ ಹೋಗಿರುತ್ತದೆ. ಸ್ಕ್ರೀನು ಇಂಟೆಲಿನಲ್ಲಿ ಚೆನ್ನಾಗಿ ನಡೆಯುತ್ತದೆ, ಪ್ರೊಜೆಕ್ಟರ್ ಮಾತ್ರ ಬರುವುದಿಲ್ಲ ಅಂದರೆ ಕಾರಣ ಇದೇ. ಅಣ್ಣನ ಮಗನಿಗೆ ಮರುದಿನ ಸೆಮಿನಾರ್ ಇತ್ತು, ಅಷ್ಟು ರಾತ್ರಿಯಲ್ಲಿ ಅವನ ಗಡಿಬಿಡಿಯ ಗುಟ್ಟು ಆಗ ಹೊರಬಿತ್ತು.

ಡ್ರೈವರ್ ಹಾಕಿದ ಮೇಲೆಯೇ ಕಪ್ಪಾದರೆ

ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಲ್ಯಾಪ್‌ಟಾಪಿನಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕಾಗಬಹುದು. ಬರೀ ಅಕ್ಷರದ ಲಾಗಿನ್ ಬಂದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. 'ಸುಡೋ ಟೈಮ್‌ಶಿಫ್ಟ್', ಸ್ಪೇಸ್, ಎರಡು ಹೈಫನ್, 'ರಿಸ್ಟೋರ್' ಅಂತ ಕೊಟ್ಟರೆ ಆಗ ತೆಗೆದ ಸ್ನ್ಯಾಪ್‌ಶಾಟಿನ ಪಟ್ಟಿ ಬರುತ್ತದೆ, ಅದರ ನಂಬರು ಆರಿಸಿ. ಸ್ನ್ಯಾಪ್‌ಶಾಟ್ ತೆಗೆಯದವರಿಗೆ: 'ಸುಡೋ ಆಪ್ಟ್ ಪರ್ಜ್', ಸ್ಪೇಸ್, ಉದ್ಧರಣ ಚಿಹ್ನೆಯ ಒಳಗೆ 'ಎನ್‌ವಿಡಿಯಾ' ಮತ್ತು ಅದಕ್ಕೆ ಅಂಟಿಕೊಂಡು ನಕ್ಷತ್ರ. ತೆಗೆಯುವವುಗಳ ಪಟ್ಟಿ ತೋರಿಸುತ್ತದೆ, ಒಮ್ಮೆ ಕಣ್ಣಾಡಿಸಿ ಒಪ್ಪಿಗೆ ಕೊಡಿ. ರೀಸ್ಟಾರ್ಟ್ ಆದಾಗ ನೂವೋಕ್ಕೆ ಮರಳಿರುತ್ತೀರಿ. ಅಲ್ಲೂ ಕಪ್ಪಾದರೆ ರಿಕವರಿಯ ದಾರಿ ಗೊತ್ತೇ ಉಂಟಲ್ಲ. ಈ ಸಲ ಡ್ರೈವರ್ ಮ್ಯಾನೇಜರಿನಲ್ಲಿ ಬೇರೆ ನಂಬರು ಹಾಕಿ ನೋಡಿ.

ತಿಂಗಳುಗಟ್ಟಲೆ ಸರಿ ಇದ್ದು, ಒಂದು ಅಪ್‌ಡೇಟ್ ಆದ ಮರುದಿನ ಕಪ್ಪಾದರೆ ಹೊಸ ಕರ್ನಲ್ ಬಂದಿದೆ, ಅದಕ್ಕೆ ಡ್ರೈವರ್ ಕೂಡಿಕೊಂಡಿಲ್ಲ. 470ರಂಥ ಹಳೆಯ ಸರಣಿಗಳಲ್ಲಿ ಇದು ಆಗುವಂಥದ್ದೇ. ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಶನ್ಸಿನಲ್ಲಿ ಹಿಂದಿನ ಕರ್ನಲ್ ಇನ್ನೂ ಇರುತ್ತದೆ, ಅದನ್ನು ಆರಿಸಿದರೆ ಡೆಸ್ಕ್‌ಟಾಪ್ ಬರುತ್ತದೆ. ಹಳೆಯ ಕಾರ್ಡಿನವರು ಹೊಸ ಕರ್ನಲ್ ಸರಣಿಯ ಆಸೆಗೆ ಬೀಳದೆ ಹಾಕಿದ ಸರಣಿಯಲ್ಲೇ ಉಳಿಯಿರಿ.

ಇನ್ನು ಎಲ್ಲ ಸರಿ ಇದ್ದೂ ಅಕ್ಷರ ಮಸುಕು ಮಸುಕು, ಸೆಟ್ಟಿಂಗಿನಲ್ಲಿ 1024x768ಕ್ಕಿಂತ ಮೇಲೆ ಇಲ್ಲ ಎಂಬ ದೂರು. ಕಾರಣ ಬಹುತೇಕ ವಿಜಿಎ ಕೇಬಲು, ಅಥವಾ ಅಗ್ಗದ ವಿಜಿಎ-ಎಚ್‌ಡಿಎಂಐ ಕನ್ವರ್ಟರು. ಮಾನಿಟರ್ ತನ್ನ ಅಳತೆಯನ್ನು ಕಾರ್ಡಿಗೆ ಹೇಳುವ ತಂತಿ ಅದರಲ್ಲಿ ಕೆಲಸ ಮಾಡುತ್ತಿಲ್ಲ. ನೇರ ಎಚ್‌ಡಿಎಂಐ ಕೇಬಲ್ ಹಾಕಿ, ಮುಗಿಯಿತು. ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ 'ಸಿವಿಟಿ 1366 768' ಎಂಬ ಕಮಾಂಡಿನಿಂದ ಬೇಕಾದ ಅಂಕಿಗಳ ಸಾಲು ಪಡೆದು, 'ಎಕ್ಸ್‌ರ್‍ಯಾಂಡ್‌ಆರ್' (ಎಕ್ಸ್, ಆರ್, ಎ, ಎನ್, ಡಿ, ಆರ್) ಎಂಬ ಕಮಾಂಡಿಗೆ, ಎರಡೆರಡು ಹೈಫನ್ ಹಾಕಿ, ಮೊದಲು ನ್ಯೂಮೋಡ್, ಆಮೇಲೆ ಆಡ್‌ಮೋಡ್ ಅಂತ ಕೊಡಬೇಕು. ಸಿವಿಟಿ 1366ರ ಬದಲು 1368 ಅಂತ ಕೊಡುವುದನ್ನು ನೋಡಿ ಗಾಬರಿಯಾಗಬೇಡಿ, ಅದರ ಲೆಕ್ಕ ಎಂಟರ ಮಗ್ಗಿಯಲ್ಲಿ ನಡೆಯುತ್ತದೆ. ಲಾಗಿನ್ ಆದಾಗಲೆಲ್ಲ ಇದನ್ನು ಮತ್ತೆ ಕೊಡಬೇಕಾಗುವುದರಿಂದ 'ಸ್ಟಾರ್ಟಪ್ ಅಪ್ಲಿಕೇಶನ್ಸ್'ಗೆ ಸೇರಿಸಿ.

ಮಲ್ಪೆಯವರ ಪಿಸಿಯನ್ನು ಮುಚ್ಚುವ ಮೊದಲು ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದೆ: ಕಾರ್ಡ್ ಜಿಟಿ 710, ಡ್ರೈವರ್ 470, ಕೇಬಲ್ ಕೆಳಗಿನ ಪೋರ್ಟಿಗೆ, ರಬ್ಬರ್ ಹಾಕಿದ ತಾರೀಕು. "ಇನ್ನೊಮ್ಮೆ ಟಿವಿ ಹೋದ್ರೆ?" ಅಂತ ಕೇಳಿದರು. ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ, ಆಮೇಲೆ ಫೋನ್ ಮಾಡಿ ಅಂದೆ. ಅದನ್ನೂ ಚೀಟಿಯಲ್ಲಿ ಬರೆಸಿಕೊಂಡು ಹೋದರು.